ಸರಿಗೆಯಲ್ಲಿ ತೂಗುತ್ತಿದ್ದ ಹಳದಿ ಬುಶ್‌ಗಳು

ಗಾಡಿ ನೆಲಕ್ಕೆ ಇಳಿಯದೆ ಆ ಮೆಕ್ಯಾನಿಕ್ ಕೊನೆಯ ಬೋಲ್ಟನ್ನು ಬಿಗಿಯುತ್ತಿರಲಿಲ್ಲ. ನೆಲಕ್ಕೆ ಇಳಿದರೂ ಸಾಲದು. ಅದರಲ್ಲಿ ದಿನವೂ ಕೂರುವವರು ಬಂದು ಕುಳಿತಿರಬೇಕು. ಆಮೇಲೆ ಅವರು ಗೋಣಿಚೀಲ ಹಾಸಿಕೊಂಡು, ಅಂಗಾತ ಮಲಗಿ, ಕಾರಿನ ಅಡಿಗೆ ಜಾರುತ್ತಿದ್ದರು. ಮೇಲೆ ಒಂದು ಸಂಸಾರ ಮಾತಿಲ್ಲದೆ ಕುಳಿತಿರುವುದು, ಅಡಿಯಿಂದ ಎರಡು ಕಾಲುಗಳು ಮಾತ್ರ ಹೊರಗೆ ಚಾಚಿರುವುದು. ಮೆಲ್ಕಾರಿನಲ್ಲಿ ಹೆದ್ದಾರಿಯ ಬದಿಗಿದ್ದ ಆ ಶೆಡ್ಡಿನ ಮುಂದೆ ಈ ನೋಟವನ್ನು ನಾನು ಮೂರು ವರ್ಷ ಕಂಡಿದ್ದೇನೆ.

ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ತಡವಾಗಿ, ಬೇರೆ ಯಾವುದೋ ಮಾತಿನ ನಡುವೆ. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರ ಶೆಡ್ಡಿಗೂ ಬೋರ್ಡು ಇರಲಿಲ್ಲ. ಕರಾವಳಿಯ ಬ್ಯಾರಿ ಮುಸ್ಲಿಮರಾದ ಅವರನ್ನು ಊರಿನ ತುಳುವರು ಬ್ಯಾರಿಗಳು ಎನ್ನುತ್ತಿದ್ದರು. ಅವರ ಕಡೆಯ ಕಿರಿಯರು, ಹಿರಿಯರನ್ನು ಕರೆಯುವಂತೆ, ಕಾಕ ಎನ್ನುತ್ತಿದ್ದರು. ನಾನೂ ಕಾಕ ಎಂದೇ ರೂಢಿಸಿಕೊಂಡೆ. ಅವರು ನನ್ನನ್ನು ಮಾಸ್ಟ್ರು ಎಂದು ಕರೆಯುತ್ತಿದ್ದರು. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕನೆಂದೂ, ಶಾಲೆಯ ಮಾಸ್ಟರಲ್ಲವೆಂದೂ ಒಮ್ಮೆ ಸ್ಪಷ್ಟಪಡಿಸಿದ್ದುಂಟು. ಅವರು ಗೌರವದಿಂದ ಕೇಳಿಸಿಕೊಂಡು, "ಹೌದಾ? ಹಾಗಾದ್ರೆ ದೊಡ್ಡ ಮಾಸ್ಟ್ರು," ಎಂದರು. ಆ ಮಾತು ಅಲ್ಲಿಗೆ ಮುಗಿಯಿತು.

ತೊಂಬತ್ತರ ದಶಕದ ನಡುಭಾಗದಲ್ಲಿ ಮೆಲ್ಕಾರಿನ ಕಾಲೇಜೊಂದರಲ್ಲಿ ನನಗೆ ಮೊದಲ ಕೆಲಸ ಸಿಕ್ಕಿತು. ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೇ ಮೊದಲು. ಆ ಶೆಡ್ಡಿನ ಹಿಂದೆ, ಕೆಂಪುಕಲ್ಲಿನ ಒಂದು ಕೋಣೆ ಬಾಡಿಗೆಗೆ ದೊರೆಯಿತು. ಬೆಳಗ್ಗೆ ಕಾಲೇಜಿಗೆ ಹೊರಟಾಗ ಅವರ ಮುಂದೆಯೇ ಹಾದುಹೋಗಬೇಕು. ತಿರುಗದ ಬೋಲ್ಟಿಗೆ ಅವರು ಬ್ಯಾರಿ ಭಾಷೆಯಲ್ಲಿ ಏನೋ ಬೈಯುತ್ತಿದ್ದರೆ ನನ್ನನ್ನು ಕಂಡೊಡನೆ ನಿಲ್ಲಿಸುತ್ತಿದ್ದರು. ನಾನು ದಾಟಿದ ಮೇಲೆ ಬೈಗುಳ ನಿಂತಲ್ಲಿಂದಲೇ ಮುಂದುವರಿಯುತ್ತಿತ್ತು. ಶೆಡ್ಡಿಗೆ ಹೋದರೆ ಕೈಯಲ್ಲಿದ್ದ ಬಟ್ಟೆಯಿಂದ ಸ್ಟೂಲನ್ನು ಒರೆಸಿ ನನಗೆ ಕೊಡುತ್ತಿದ್ದರು. ಒರೆಸುವ ಮೊದಲು ಸ್ಟೂಲು ಚೊಕ್ಕಟವಾಗಿರುತ್ತಿತ್ತು. ಒರೆಸಿದ ಮೇಲೆ ಗ್ರೀಸಾಗುತ್ತಿತ್ತು. ಆದರೂ ಕುಳಿತುಕೊಳ್ಳುತ್ತಿದ್ದೆ. ನನ್ನ ಎರಡು ಪ್ಯಾಂಟುಗಳು ಹಾಗೆ ಹಾಳಾದವು.

ಉಳಿದವರೊಡನೆ ಅವರ ಮಾತು ತುಳು ಅಥವಾ ಬ್ಯಾರಿಯಲ್ಲಿ. ನನ್ನೊಡನೆ ಮಾತ್ರ ಕನ್ನಡ. ನಾಲ್ಕನೆಯ ತರಗತಿಯವರೆಗೆ ಕಲಿತದ್ದನ್ನು ಅವರು ಜೋಪಾನ ಮಾಡಿಕೊಂಡಿದ್ದರು. ಹತ್ತು ಗಂಟೆಯ ಚಹಾದ ಹೊತ್ತಿಗೆ ಪತ್ರಿಕೆ ಓದಿ, ತಿಳಿಯದ ಪದವನ್ನು ಬೆರಳಿನಿಂದ ಒತ್ತಿ ಗುರುತು ಮಾಡಿಡುತ್ತಿದ್ದರು. ಸಂಜೆ ನಾನು ಹೋದರೆ ಆ ಕಪ್ಪು ಬೆರಳಚ್ಚಿನ ಅಡಿಯಲ್ಲಿ ಪದವನ್ನು ಹುಡುಕಬೇಕು. ಓದಿದವರ ಬಗ್ಗೆ ಅವರಿಗೆ ಅಷ್ಟು ಗೌರವ. ಆ ಗೌರವದಿಂದ ಒಮ್ಮೆ ಒಂದು ಕೆಡುಕೂ ಆಯಿತು. ಅದನ್ನು ಮುಂದೆ ಹೇಳುತ್ತೇನೆ.

ಅವರ ಕೆಲಸ ಮುಖ್ಯವಾಗಿ ಗಾಡಿಯ ಅಡಿಭಾಗದ್ದು. ಎಂಜಿನಿಗೆ ಬೇರೆಯವರಿದ್ದರು. ಕಾರಿನ ಚಕ್ರವನ್ನು ಮೈಗೆ ಜೋಡಿಸುವ ಕಬ್ಬಿಣದ ತೋಳುಗಳಿರುತ್ತವೆ. ಕಬ್ಬಿಣ ಕಬ್ಬಿಣಕ್ಕೆ ನೇರವಾಗಿ ತಾಗದಂತೆ ಆ ಕೀಲುಗಳಲ್ಲಿ ಗಿಡ್ಡನೆಯ, ನಡುವೆ ತೂತಿರುವ ರಬ್ಬರಿನ ಉರುಳೆಯೊಂದನ್ನು ಕೂರಿಸಿರುತ್ತಾರೆ. ಅದೇ ಬುಶ್. ಅದು ಹರಿದರೆ ರಸ್ತೆಯ ಪ್ರತಿಯೊಂದು ಕಲ್ಲೂ ಕುಳಿತವರ ಬೆನ್ನಿಗೆ ಬರುತ್ತದೆ. ಸಾಮಾನ್ಯವಾಗಿ ಗ್ಯಾರೇಜುಗಳಲ್ಲಿ ಗಾಡಿಯನ್ನು ಜಾಕಿನ ಮೇಲೆ ಎತ್ತಿ, ಬುಶ್ ಹಾಕಿ, ಬೋಲ್ಟ್ ಬಿಗಿದು ಇಳಿಸುತ್ತಾರೆ. ಇವರು ಹಾಗೆ ಮಾಡದಿರಲು ಕಾರಣವೇನೆಂದು ಕೇಳಿದ್ದೆ.

"ರಬ್ಬರ್ ತಿರುಗುವುದಿಲ್ಲ ಮಾಸ್ಟ್ರೇ, ತಿರುಚಿಕೊಳ್ತದೆ ಅಷ್ಟೆ," ಎಂದು ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿ ತೋರಿಸಿದರು. "ಚಕ್ರ ನೇತಾಡುವಾಗ ಬಿಗಿ ಮಾಡಿದ್ರೆ ಅದಕ್ಕೆ ಅದೇ ಮನೆ. ಕೆಳಗೆ ಇಳಿಸಿದ ಕೂಡ್ಲೆ ಹೀಗೆ ತಿರುಚಿತು. ಮತ್ತೆ ಇಡೀ ದಿನ ಹಾಗೇ. ಎಷ್ಟು ದಿನ ಬರ್ತದೆ? ಜನ ಕೂತು, ಗಾಡಿ ತನ್ನ ಜಾಗಕ್ಕೆ ಬಂದ ಮೇಲೆ ಬಿಗಿ ಮಾಡಿದ್ರೆ ಅದಕ್ಕೆ ಸುಖ."

ನಾನು ಎಂ.ಎಸ್ಸಿ. ತರಗತಿಯಲ್ಲಿ ಪಾಲಿಮರುಗಳ ಬಗ್ಗೆ ಓದಿದ್ದೆ. ಅವರ ವಿವರಣೆಯಲ್ಲಿ ತಿದ್ದಬೇಕಾದುದೇನೂ ಕಾಣಲಿಲ್ಲ. ಆದರೆ ಖಾಲಿ ಕಾರು ನೆಲಕ್ಕಿಳಿದರೆ ಸಾಕಲ್ಲವೇ, ಜನರೇ ಏಕೆ ಕೂರಬೇಕೆಂದು ಮತ್ತೆ ಕೇಳಿದೆ.

"ಖಾಲಿ ಗಾಡಿಯನ್ನು ಯಾರು ಓಡಿಸ್ತಾರೆ?" ಎಂದರು.

ಈ ಪದ್ಧತಿಯನ್ನು ಎಲ್ಲರೂ ಒಪ್ಪುತ್ತಿರಲಿಲ್ಲ. ಬಂಟ್ವಾಳದ ಹೋಟೆಲಿನ ಧನಿಯೊಬ್ಬರು ಕೆಲಸದವನ ಕೈಯಲ್ಲಿ ಕಾರು ಕಳುಹಿಸಿದ್ದರು. ಮನೆಯವರು ಬಾರದೆ ಬಿಗಿಯುವುದಿಲ್ಲವೆಂದು ಕಾಕ ಹೇಳಿ ಕಳುಹಿಸಿದರು. ಧನಿಗಳು ಸಿಟ್ಟಿನಿಂದ ಸ್ಕೂಟರಿನಲ್ಲಿ ಬಂದರು.

"ನನ್ನ ಹೆಂಡತಿಯ ತೂಕ ನಿಮಗೆ ಎಂತಕ್ಕೆ ಬ್ಯಾರಿಗಳೇ?"

"ನನಗೆ ಬೇಡ ಧನಿ. ಬುಶ್‌ಗೆ ಬೇಕು."

"ಅವಳು ಬರುವುದಿಲ್ಲ. ರಸ್ತೆ ಬದಿಯಲ್ಲಿ ಕೂತ್ಕೊಂಡ್ರೆ ಜನ ನಗಾಡ್ತಾರೆ."

"ಆಗ್ಲಿ. ಅವರ ಬದ್ಲು ಅಕ್ಕಿ ಮೂಟೆ ಇಡುವ. ಎಷ್ಟು ಮೂಟೆ ಹೇಳಿ."

ಧನಿಗಳು ಸ್ವಲ್ಪ ಯೋಚಿಸಿ ಒಂದು ಮೂಟೆ ಎಂದರು. ಕಾಕ ಧನಿಗಳನ್ನು ನೋಡಿದರು, ಕಾರನ್ನು ನೋಡಿದರು; ಹಿಂದಿನ ಸೀಟಿನ ಒಂದು ಬದಿ ಕುಸಿದು ಹೋಗಿದ್ದುದನ್ನು ಕಿಟಕಿಯಿಂದ ನೋಡಿದರು. "ಒಂದೂವರೆ ಇಡುವ. ಮನೆಯಲ್ಲಿ ಹೇಳ್ಬೇಡಿ," ಎಂದರು. ಧನಿಗಳಿಗೂ ನಗು ತಡೆಯಲಾಗಲಿಲ್ಲ. ಅಂದು ಹೋಟೆಲಿನ ಕುಚಲಕ್ಕಿ ಹಿಂದಿನ ಸೀಟಿನಲ್ಲಿ ಕುಳಿತು ಬುಶ್ ಬಿಗಿಸಿಕೊಂಡಿತು.

ಶೆಡ್ಡಿನ ಎದುರಿನ ಎರಡು ಕಂಬಗಳ ನಡುವೆ, ಕಣ್ಣಿನ ಎತ್ತರಕ್ಕೆ, ಒಂದು ಕಬ್ಬಿಣದ ಸರಿಗೆ ಕಟ್ಟಿದ್ದರು. ಅದರಲ್ಲಿ ಹರಿದ ಬುಶ್‌ಗಳನ್ನು ಪೋಣಿಸಿ ತೂಗಿಸಿದ್ದರು. ಹತ್ತು ಹನ್ನೆರಡು ಇದ್ದವು. ಬೇರೆ ಅಂಗಡಿಯವರು ಹೊಸ ಸಾಮಾನು ತೂಗಿಸುವ ಜಾಗದಲ್ಲಿ ಇದೇನು ಎಂದು ಬಂದವರು ಕೇಳುತ್ತಿದ್ದರು.

"ಅದಾ? ಮಾಸ್ಟ್ರಿಗೆ ಮಾರ್ಕ್ಸ್ ಕಾರ್ಡ್ ಉಂಟಲ್ಲ, ಹಾಗೆ ನನಗೆ ಇದು. ಫೇಲಾದ್ದು ಮಾತ್ರ ಬರೀತೇನೆ."

ಹಳತಾಗಿ ಹರಿದದ್ದನ್ನು, ಮಾಲು ಕಳಪೆಯಾಗಿದ್ದು ಹೋದದ್ದನ್ನು ಅವರು ಅದರಲ್ಲಿ ಸೇರಿಸುತ್ತಿರಲಿಲ್ಲ. ತಮ್ಮ ಕೈಯ ತಪ್ಪಿನಿಂದ ಹೋದದ್ದು ಮಾತ್ರ ಅಲ್ಲಿಗೆ. ಮೊದಲನೆಯದು, ಹರೆಯದಲ್ಲಿ ಮಂಗಳೂರಿನ ಗ್ಯಾರೇಜೊಂದರಲ್ಲಿ ಚಕ್ರ ನೇತಾಡುತ್ತಿರುವಾಗ ಬಿಗಿದು, ತಿಂಗಳೊಳಗೆ ಹರಿದು ಬಂದದ್ದು. ಅದನ್ನು ಅಷ್ಟು ವರ್ಷ ಇಟ್ಟುಕೊಂಡಿದ್ದರು. ನಾನು ಪರೀಕ್ಷೆಯಲ್ಲಿ ಕಳೆದುಕೊಂಡ ಅಂಕಗಳನ್ನು ಯಾರಿಗೂ ಹೇಳಿದವನಲ್ಲ. ಆ ಸರಿಗೆಯ ಮುಂದೆ ಹಾದುಹೋಗುವಾಗ ನನಗೆ ಸ್ವಲ್ಪ ಇರಿಸುಮುರಿಸಾಗುತ್ತಿತ್ತು.

ಒಮ್ಮೆ ಅವರು ಕೇಳಿದರು: "ಮಾಸ್ಟ್ರೇ, ನಿಮ್ಮ ಅಪ್ಪ ಎಂತ ಮಾಡುವುದು?"

"ಎಸ್ಟೇಟಿನಲ್ಲಿದ್ದಾರೆ," ಎಂದೆ.

ಅದು ಸುಳ್ಳಲ್ಲ. ಬೆಳ್ತಂಗಡಿಯ ಆಚೆ, ಚಾರ್ಮಾಡಿಗೆ ಹೋಗುವ ದಾರಿಯಲ್ಲಿ ಒಂದು ರಬ್ಬರ್ ಎಸ್ಟೇಟಿನ ಕೂಲಿಯವರ ಸಾಲುಮನೆಗಳ ಲೈನಿನಲ್ಲಿ ನಮ್ಮ ಮನೆ. ನನ್ನ ತಂದೆ ಮೂವತ್ತು ವರ್ಷಗಳಿಂದ ಅಲ್ಲಿ ಟ್ಯಾಪಿಂಗ್ ಮಾಡುತ್ತಿದ್ದರು. ಬೆಳಕು ಹರಿಯುವ ಮೊದಲು ಎದ್ದು ಮರದ ತೊಗಟೆ ಕೊಯ್ದು, ಹಾಲು ಸುರಿಯುವ ಚಿಪ್ಪು ಇಟ್ಟು, ಬಿಸಿಲೇರುವ ಹೊತ್ತಿಗೆ ಬಕೆಟಿನಲ್ಲಿ ಒಟ್ಟು ಮಾಡಿ ತರುವುದು. ಆದರೆ 'ಎಸ್ಟೇಟಿನಲ್ಲಿದ್ದಾರೆ' ಎಂದರೆ ಕೇಳಿದವರು ಲೆಕ್ಕ ಬರೆಯುವ ರೈಟರೋ ಮೇಲ್ವಿಚಾರಕರೋ ಎಂದು ತಿಳಿದುಕೊಳ್ಳುತ್ತಿದ್ದರು. ನಾನು ಹಾಗೆ ತಿಳಿದುಕೊಳ್ಳಲು ಬಿಡುತ್ತಿದ್ದೆ.

ಆ ದಶಕ ಮುಗಿಯುವ ಮೊದಲೇ ನನಗೆ ಮೂಡುಬಿದಿರೆಯ ಕಾಲೇಜೊಂದರಲ್ಲಿ ಖಾಯಂ ಕೆಲಸವಾಯಿತು. ಮೆಲ್ಕಾರಿನ ಕೋಣೆ ಬಿಟ್ಟೆ. ಎರಡು ಸಾವಿರದ ಆಚೆಗೆ, ಒಂದು ಮಳೆಗಾಲದಲ್ಲಿ, ತಂದೆ ಹಾಲಿನ ಬಕೆಟು ಹಿಡಿದುಕೊಂಡೇ ಎಸ್ಟೇಟಿನ ಇಳಿಜಾರಿನಲ್ಲಿ ಜಾರಿ, ಕುಳಿತ ಭಂಗಿಯಲ್ಲಿ ಬಿದ್ದರು. ಬೆನ್ನುಮೂಳೆಯ ಒಂದು ಎಲುಬು ಕುಸಿಯಿತು. ಮಂಗಳೂರಿನ ಆಸ್ಪತ್ರೆಯ ವೈದ್ಯರು ಸೊಂಟದಿಂದ ಎದೆಯವರೆಗಿನ ಬೆಲ್ಟು ಹಾಕಿಸಿ, ಆರು ತಿಂಗಳು ಹದಿನೈದು ದಿನಕ್ಕೊಮ್ಮೆ ಬಂದು ತೋರಿಸಬೇಕೆಂದರು. ಕುಲುಕಾಟ ತಗಲಬಾರದು ಎಂದು ಎರಡು ಸಲ ಹೇಳಿದರು. ಆ ಎಲುಬು ಇನ್ನಷ್ಟು ಇಳಿದರೆ ಆಪರೇಶನ್ ಬೇಕಾಗುತ್ತದೆ, ಅದಾದ ಮೇಲೂ ಕಾಲಿಗೆ ಶಕ್ತಿ ಬರುವುದು ಖಚಿತವಲ್ಲ.

ಆ ಓಡಾಟಕ್ಕೆಂದೇ ನಾನು ಒಂದು ಹಳೆಯ ಸಣ್ಣ ಕಾರು ತೆಗೆದುಕೊಂಡೆ. ಹಿಂದಿನ ಸೀಟಿಗೆ ಒಂದು ಹತ್ತಿಯ ದಿಂಬು ಇಟ್ಟೆ. ಮೊದಲ ಸಲ ಓಡಿಸಿದಾಗಲೇ ಮುಂದಿನ ಬುಶ್‌ಗಳು ಹರಿದಿರುವುದು ತಿಳಿಯಿತು. ಹೊಂಡಕ್ಕೆ ಬಿದ್ದಾಗಲೆಲ್ಲ ಕಟಕ್ ಎನ್ನುತ್ತಿತ್ತು. ನಾನು ಓದಲು ಕುಳಿತೆ. ಯಾವುದೇ ವಿಷಯದಲ್ಲಿ ತಪ್ಪಾಗಬಾರದೆಂದರೆ ನನಗೆ ಗೊತ್ತಿರುವ ದಾರಿ ಅದೊಂದೇ. ರಬ್ಬರಿನ ಬದಲಿಗೆ ಪಾಲಿಯುರೆಥೇನ್ ಎಂಬ ವಸ್ತುವಿನ ಬುಶ್‌ಗಳೂ ಬರುತ್ತವೆಂದು ತಿಳಿಯಿತು. ಅದು ಗಟ್ಟಿ, ಎಣ್ಣೆ ತಾಗಿದರೆ ಉಬ್ಬುವುದಿಲ್ಲ, ಬಿಸಿಲಿಗೆ ಬಿರಿಯುವುದಿಲ್ಲ, ರಬ್ಬರಿಗಿಂತ ಹಲವು ಪಟ್ಟು ಬಾಳುತ್ತದೆ. ಒಂದು ಹಾಳೆಯಲ್ಲಿ ಎರಡು ಕಾಲಂ ಎಳೆದು ಗುಣಗಳನ್ನು ಬರೆದೆ. ಪಾಲಿಯುರೆಥೇನಿನ ಕಾಲಂ ಉದ್ದವಾಯಿತು. ಮಂಗಳೂರಿನ ಲೇತ್ ಅಂಗಡಿಯೊಂದರಲ್ಲಿ ಅಳತೆ ಕೊಟ್ಟರೆ ಹಳದಿ ಬಣ್ಣದ ಸರಳಿನಿಂದ ಕಡೆದು ಕೊಡುತ್ತಿದ್ದರು. ಕಡೆಸಿಕೊಂಡು ಮೆಲ್ಕಾರಿಗೆ ಹೋದೆ.

ಕಾಕ ಪಾಲಿಯುರೆಥೇನಿನ ವಿರೋಧಿಯೇನಲ್ಲ. ಚಾರ್ಮಾಡಿ ಕಡೆಯ ಜೀಪುಗಳಿಗೆ ಅವರೇ ಅದನ್ನು ಹಾಕುತ್ತಿದ್ದರು. ಶಾರ್ಜಾದಲ್ಲಿದ್ದ ಅವರ ಭಾವ ರಜೆಯಲ್ಲಿ ಬರುವಾಗ ಪೆಟ್ಟಿಗೆಯಲ್ಲಿ ಸೆಂಟು, ಬಾದಾಮಿಗಳ ನಡುವೆ ಜೀಪಿನ ಬುಶ್‌ಗಳನ್ನೂ ತರುತ್ತಿದ್ದರು. "ಜೀಪಿಗೆ ಅದೇ ಸರಿ," ಎನ್ನುತ್ತಿದ್ದರು ಕಾಕ. "ಕೆಸರು, ಲೋಡು, ಘಾಟಿಯ ತಿರುವು. ಜೀಪಿನಲ್ಲಿ ಕೂತವನಿಗೆ ಸೀಟು ಸಿಕ್ಕಿದ್ದೇ ದೊಡ್ಡದು. ಬೆನ್ನಿನ ವಿಷಯ ಅವನು ಮಾತಾಡುವುದಿಲ್ಲ."

ನನ್ನ ಹಳದಿ ಬುಶ್‌ಗಳನ್ನು ಅವರು ಉಗುರಿನಿಂದ ಒತ್ತಿ ನೋಡಿದರು. ಗುರುತು ಬೀಳಲಿಲ್ಲ. ನಾನು ಹಾಳೆಯನ್ನು ಕೊಟ್ಟೆ. ಅವರು ಎರಡೂ ಕಾಲಮುಗಳನ್ನು ನಿಧಾನವಾಗಿ, ತುಟಿಯಾಡಿಸುತ್ತ ಓದಿದರು. ಹಾಳೆಯನ್ನು ತಿರುಗಿಸಿ ಬೆನ್ನಿನ ಬದಿಯನ್ನೂ ನೋಡಿದರು.

"ಇದರಲ್ಲಿ ಕೂರುವವರದ್ದು ಇಲ್ಲ," ಎಂದರು. "ಯಾರೆಲ್ಲ ಕೂರುವುದು ಮಾಸ್ಟ್ರೇ?"

ಶೆಡ್ಡಿನಲ್ಲಿ ಆಗ ಇನ್ನೂ ಇಬ್ಬರು ಗಿರಾಕಿಗಳಿದ್ದರು; ಅವರಲ್ಲೊಬ್ಬರು ನನ್ನ ಹಳೆಯ ಕಾಲೇಜಿನ ಗುಮಾಸ್ತರು. ತಂದೆಯ ವಿಷಯ ಹೇಳಿದರೆ ಮುಂದೇನಾಗುವುದೆಂದು ನನಗೆ ಗೊತ್ತಿತ್ತು. ಅವರನ್ನು ಕರೆತರಬೇಕು. ಹೆದ್ದಾರಿಯ ಬದಿಯಲ್ಲಿ, ಪರಿಚಿತರ ಎದುರಿನಲ್ಲಿ, ಅವರು ಕಾರಿನಲ್ಲಿ ಕುಳಿತಿರಬೇಕು. ಅವರ ಕೈಬೆರಳುಗಳ ಸಂದಿನಲ್ಲಿ ರಬ್ಬರ್ ಹಾಲಿನ ಕಪ್ಪು ಕಲೆಗಳಿದ್ದವು, ತೊಳೆದರೆ ಹೋಗುವಂಥವಲ್ಲ.

"ನಾನೇ," ಎಂದೆ. "ಕಾಲೇಜಿಗೆ ಹೋಗಿಬರಲಿಕ್ಕೆ."

"ನೀವೊಬ್ಬರೇ?"

"ಹೆಚ್ಚಾಗಿ ಒಬ್ಬನೇ."

ಅವರು ಹಿಂದಿನ ಗಾಜಿನ ಮೂಲಕ ಒಮ್ಮೆ ಒಳಗೆ ನೋಡಿದರು. ಆಮೇಲೆ ಹಾಳೆಯನ್ನು ಮಡಚಿ, ಎರಡೂ ಕೈಗಳಿಂದ ನನಗೆ ಹಿಂದಿರುಗಿಸಿ, "ಆಗ್ಲಿ. ನೀವು ಓದಿದವರು," ಎಂದರು. ಆ ದಿನ ಕಾರಿನಲ್ಲಿ ನಾನೊಬ್ಬನೇ ಸ್ಟಿಯರಿಂಗ್ ಹಿಡಿದು ಕುಳಿತಿದ್ದೆ. ಪಾಲಿಯುರೆಥೇನಿಗೆ ಹಾಗೆ ಕೂರುವ ಅಗತ್ಯವೂ ಇರಲಿಲ್ಲ. ಅದು ರಬ್ಬರಿನಂತೆ ತಿರುಚಿಕೊಳ್ಳದೆ ತನ್ನ ಗೂಡಿನಲ್ಲಿ ತಿರುಗುತ್ತದೆ. ಆದರೂ ಅವರು ಕೂರಿಸಿದರು.

ಕಾರು ರಸ್ತೆಯನ್ನು ಕಚ್ಚಿಕೊಂಡಂತೆ ಓಡಿತು. ತಿರುವಿನಲ್ಲಿ ವಾಲುವುದು ನಿಂತಿತು. ಮೂಡುಬಿದಿರೆಯಿಂದ ವೇಣೂರಿನ ದಾರಿಯಾಗಿ ಊರಿಗೆ ಹೋಗುವಾಗ ನನಗೆ ಬಹಳ ಸಮಾಧಾನವಾಗಿತ್ತು.

ತಂದೆಯನ್ನು ಮಂಗಳೂರಿಗೆ ಕರೆದೊಯ್ದ ಮೊದಲ ಸಲ ಅವರು ದಾರಿಯುದ್ದಕ್ಕೂ ಮಾತನಾಡಲಿಲ್ಲ. ಸಾಮಾನ್ಯವಾಗಿಯೂ ನನ್ನೊಡನೆ ಅವರದು ಮಾತು ಕಡಿಮೆ. ಬಾಗಿಲ ಮೇಲಿನ ಹಿಡಿಯನ್ನು ಎರಡೂ ಕೈಗಳಿಂದ ಹಿಡಿದು, ಸೀಟಿನಿಂದ ತುಸು ಎದ್ದಂತೆ ಕುಳಿತಿದ್ದರು. ಆಸ್ಪತ್ರೆಯ ಮುಂದೆ ಇಳಿದಾಗ ಅವರ ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು. ಸೆಕೆಗೆ ಎಂದುಕೊಂಡೆ. ಮುಂದಿನ ಸಲಕ್ಕೆ ಅವರು ತಾವಾಗಿಯೇ ಹೇಳಿದರು:

"ನಾನು ಬಸ್ಸಿನಲ್ಲಿ ಹೋಗ್ತೇನೆ. ನಿನಗೆ ಕಾಲೇಜುಂಟು."

"ಬಸ್ಸಿನಲ್ಲಿ ಸೀಟು ಸಿಗಲಿಕ್ಕಿಲ್ಲ ಅಪ್ಪ."

"ಸೀಟು ಬೇಡ. ನಿಂತುಕೊಂಡೇ ಹೋಗುವುದು."

ನನಗೆ ತೊಂದರೆ ಕೊಡಬಾರದೆಂಬ ಸಂಕೋಚ ಇದೆಂದು ತಿಳಿದು, ನಾನು ಒತ್ತಾಯ ಮಾಡಿ ಕಾರಿನಲ್ಲಿಯೇ ಕೂರಿಸಿದೆ. ಆ ಸಲದ ಎಕ್ಸ್‌ರೇಯನ್ನು ವೈದ್ಯರು ಬೆಳಕಿಗೆ ಹಿಡಿದು, ಎಲುಬು ತುಸು ಇಳಿದಿದೆ ಎಂದರು. ಹೇಗೆ ಕರೆತರುತ್ತೀರಿ ಎಂದು ಕೇಳಿದರು. ನನ್ನ ಕಾರಿನಲ್ಲಿ ಎಂದೆ. ಇನ್ನೊಮ್ಮೆ ಇಷ್ಟು ಇಳಿದರೆ ಆಪರೇಶನ್ನಿನ ಮಾತನ್ನು ಎತ್ತಲೇಬೇಕಾಗುತ್ತದೆ ಎಂದರು. ತಂದೆ ಬೆಲ್ಟಿನ ಕಟ್ಟುಗಳನ್ನು ಹಾಕಿಕೊಳ್ಳುತ್ತಿದ್ದರು. ಮನೆಯಲ್ಲಿ ತುಳುವನ್ನೇ ಆಡುವ ಅವರಿಗೆ ವೈದ್ಯರ ಕನ್ನಡ ಅರ್ಥವಾಗಿತ್ತೆಂದು ಬೆರಳುಗಳಿಂದ ತಿಳಿಯಿತು; ಒಂದು ಕಟ್ಟನ್ನು ಮೂರು ಸಲ ಹಾಕಿದರು.

ಹಿಂದಿರುಗುವಾಗ ಕಾರಿನ ಮುಂಭಾಗದಿಂದ ಕಿರಕಿರ ಸದ್ದು ಬರತೊಡಗಿತು. ಮಳೆಯ ನೀರಿಗೆ ಬುಶ್‌ಗಳ ಗ್ರೀಸ್ ತೊಳೆದುಹೋಗಿರಬೇಕೆಂದು ಊಹಿಸಿದೆ. ಬಿ.ಸಿ. ರೋಡಿನಿಂದ ಸೇತುವೆ ದಾಟಿದರೆ ಮೆಲ್ಕಾರು. ಗ್ರೀಸ್ ಹಾಕಿಸಿಕೊಂಡು ಹೊರಡುವುದೆಂದುಕೊಂಡೆ. ತಂದೆ ಕಾರಿನಲ್ಲಿಯೇ ಇರುತ್ತಾರೆ, ಹತ್ತು ನಿಮಿಷದ ಕೆಲಸ ಎಂಬುದು ನನ್ನ ಲೆಕ್ಕಾಚಾರ.

ಕಾಕ ಸದ್ದು ಕೇಳಿಯೇ ಹೊರಗೆ ಬಂದರು. ಹಿಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿಕೊಂಡು, ಹಿಡಿಗೆ ಜೋತುಬಿದ್ದಂತೆ ಕುಳಿತಿದ್ದವರನ್ನು ನೋಡಿದರು. ಹಿಂದಿನ ಬಾಗಿಲು ತೆರೆದು, ತಂದೆಯ ಕಂಕುಳಿಗೆ ಕೈಕೊಟ್ಟು, ಅಡ್ಡಕ್ಕೆ ತಿರುಗಿಸಿ ನಿಧಾನವಾಗಿ ಇಳಿಸಿದರು. ಬಟ್ಟೆಯಿಂದ ಸ್ಟೂಲು ಒರೆಸಿದರು. ತಂದೆ ಕೂರಲಿಲ್ಲ, ಕಂಬ ಹಿಡಿದು ನಿಂತರು. ಇಬ್ಬರೂ ತುಳುವಿನಲ್ಲಿ ಮಾತನಾಡಿದರು. ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನೀವು ಮಾಸ್ಟ್ರ ಅಪ್ಪ ಅಲ್ವಾ ಅಣ್ಣ? ಮೂಗು ಅದೇ."

"ಹೌದು."

"ಎಸ್ಟೇಟಿನಲ್ಲಿ ಅಂತ ಹೇಳಿದ್ರು. ಎಂತ ಕೆಲಸ ಅಲ್ಲಿ?"

ನಾನು ಕಾರಿನ ಬಾನೆಟ್ಟನ್ನು ನೋಡುತ್ತಿದ್ದೆ.

"ಟ್ಯಾಪಿಂಗ್," ಎಂದರು ತಂದೆ. "ರಬ್ಬರ್ ಮರ ಕೊಯ್ಯುವುದು. ಬೇರೆ ಎಂತ ಗೊತ್ತುಂಟು ನನಗೆ."

"ಎಷ್ಟು ವರ್ಷ?"

"ಇವ ಹುಟ್ಟುವುದಕ್ಕೆ ಮೊದಲೇ ಸೇರಿದ್ದು."

ಕಾಕ ಒಳಗೆ ಹೋದರು. ಸ್ವಲ್ಪ ಹೊತ್ತು ಡಬ್ಬಿಗಳ ಸದ್ದು ಕೇಳಿತು. ನನ್ನ ಕಾರಿನ ಅಳತೆಯ ನಾಲ್ಕು ಬಗೆಯ ರಬ್ಬರ್ ಬುಶ್‌ಗಳನ್ನು ತಂದು, ತಂದೆಯ ಅಂಗೈಯಲ್ಲಿ ಸುರಿದರು.

"ನಾನು ಅಂಗಡಿಯವ ಹೇಳಿದ್ದನ್ನು ನಂಬಿ ತರುವುದು. ನೀವು ಹೇಳಿ, ಇದರಲ್ಲಿ ಯಾವುದು ಆದೀತು?"

ತಂದೆ ನನ್ನ ಕಡೆ ನೋಡಿದರು. ಓದಿದ ಮಗ ಎದುರಿಗಿರುವಾಗ ತಾನು ಹೇಳಬಹುದೇ ಎಂಬ ನೋಟ ಅದು. "ಬೇಯಿಸಿದ ರಬ್ಬರಿನ ವಿಷಯ ನನಗೆ ಅಷ್ಟು ಗೊತ್ತಿಲ್ಲ," ಎಂದು ಹೇಳಿಕೊಂಡೇ ಒಂದನ್ನು ಎತ್ತಿ ಮೂಸಿದರು, ಹಿಂದಿಟ್ಟರು. "ಇದರಲ್ಲಿ ಹಳೆ ರಬ್ಬರ್ ಅರೆದು ಸೇರಿಸಿದ್ದಾರೆ. ವಾಸನೆ ಉಂಟು." ಎರಡನೆಯದನ್ನು ಬಾಗಿಸಿ ಕಣ್ಣಿನ ಹತ್ತಿರ ಹಿಡಿದರು, ಸಣ್ಣ ಬಿರುಕುಗಳು ಕಂಡವು. "ಬಿಸಿಲಲ್ಲಿ ಇಟ್ಟದ್ದು." ಮೂರನೆಯದನ್ನೂ ನಾಲ್ಕನೆಯದನ್ನೂ ಹೆಬ್ಬೆರಳಿನ ಉಗುರಿನಿಂದ ಗಟ್ಟಿಯಾಗಿ ಒತ್ತಿ, ಬಿಟ್ಟು, ಕಾದರು. ಒಂದರಲ್ಲಿ ಉಗುರಿನ ಗುರುತು ಹಾಗೆಯೇ ಉಳಿಯಿತು. ಇನ್ನೊಂದರಲ್ಲಿ ಮೆಲ್ಲನೆ ಎದ್ದು ಬಂದು ಸಮವಾಯಿತು.

"ಇದು ಆದೀತು," ಎಂದು ಅದನ್ನು ಕಾಕನಿಗೆ ಕೊಟ್ಟರು. "ಒತ್ತಿದ್ರೆ ತಗೊಳ್ಳಬೇಕು. ಬಿಟ್ರೆ ಪುನಃ ಬರಬೇಕು. ಅಷ್ಟೇ ಅಲ್ವಾ ರಬ್ಬರ್ ಅಂದ್ರೆ."

ನಾನು ತರಗತಿಯಲ್ಲಿ ಇದನ್ನೇ ಹೇಳಲು ಒಂದು ಗಂಟೆ ತೆಗೆದುಕೊಳ್ಳುತ್ತಿದ್ದೆ. ತಂದೆಯ ಬಾಯಿಯಿಂದ ಅಷ್ಟು ಮಾತುಗಳನ್ನು ಒಟ್ಟಿಗೆ ನಾನು ಕೇಳಿದ್ದು ಅದೇ ಮೊದಲು.

ರಸ್ತೆಯ ಪೆಟ್ಟನ್ನೆಲ್ಲ ಬೆನ್ನಿಗೇ ದಾಟಿಸುತ್ತಿದ್ದ ಆ ಗಟ್ಟಿ ಹಳದಿ ಬುಶ್‌ಗಳನ್ನು ಬಿಚ್ಚಿ ರಬ್ಬರಿನವನ್ನು ಕೂರಿಸಲು ಮಧ್ಯಾಹ್ನ ಕಳೆಯಿತು. ಎದುರಿನ ಹೋಟೆಲಿನಿಂದ ತಂದೆಗೆ ಗಂಜಿ ತರಿಸಿದರು. ಕೊನೆಗೆ ಕಾರನ್ನು ನೆಲಕ್ಕಿಳಿಸಿ, ತಂದೆಯನ್ನು ಹಿಂದಿನ ಸೀಟಿನಲ್ಲಿ ದಿಂಬಿನ ಮೇಲೆ ಕೂರಿಸಿ, ನನ್ನನ್ನು ಸ್ಟಿಯರಿಂಗಿನ ಮುಂದೆ ಕೂರಲು ಹೇಳಿ, ತಾವು ಅಡಿಗೆ ಜಾರಿದರು. ಹೆದ್ದಾರಿಯಲ್ಲಿ ಹೋಗುತ್ತಿದ್ದ ಬಸ್ಸಿನವರು ನಮ್ಮನ್ನು ನೋಡಿದರು. ಹಳೆಯ ಕಾಲೇಜಿನ ಆ ಗುಮಾಸ್ತರು ಹಾದುಹೋಗುವಾಗ ಕೈ ಎತ್ತಿದರು, ನಾನೂ ಎತ್ತಿದೆ. ನೆಲದಿಂದ ಸ್ವರ ಬಂತು:

"ಅಣ್ಣ, ಯಾವ ಕಡೆ ಒರಗಿ ಕೂರುವುದು ನೀವು?"

"ಎಡಕ್ಕೆ. ಆ ಬದಿ ನೋವು ಕಡಿಮೆ."

"ಹಾಗೇ ಕೂತ್ಕೊಳ್ಳಿ. ನನಗೋಸ್ಕರ ಸರಿ ಕೂರ್ಬೇಡಿ."

ತಂದೆ ಎಡಕ್ಕೆ ಒರಗಿದರು. ಬೋಲ್ಟ್ ಬಿಗಿಯುವ ಸದ್ದು ಕೇಳಿತು.

ಹೊರಡುವ ಮೊದಲು ಕಾಕ ಆ ಹಳದಿ ಬುಶ್‌ಗಳನ್ನು ಒರೆಸಿ ಸರಿಗೆಗೆ ಪೋಣಿಸುತ್ತಿದ್ದರು. ಹರಿದು ಕಪ್ಪಾದವುಗಳ ನಡುವೆ ಅವು ಹೊಸದಾಗಿ ಹೊಳೆಯುತ್ತಿದ್ದವು.

"ಅವು ಹಾಳಾಗಿಲ್ಲವಲ್ಲ ಕಾಕ," ಎಂದೆ.

"ಇರ್ಲಿ ಮಾಸ್ಟ್ರೇ," ಎಂದರು. "ಮಳೆ ಬರ್ತದೆ, ಹೊರಡಿ."

ಬೆಳ್ತಂಗಡಿ ತಲುಪುವ ಹೊತ್ತಿಗೆ ತಂದೆಗೆ ನಿದ್ದೆ ಬಂದಿತ್ತು. ಮುಂದಿನ ಎಕ್ಸ್‌ರೇಗಳಲ್ಲಿ ಎಲುಬು ಅಲ್ಲಿಗೇ ನಿಂತಿತು. ಅದು ರಬ್ಬರಿನಿಂದ ಎಂದು ನಾನು ಹೇಳಲಾರೆ. ಬೆಲ್ಟು, ಔಷಧಿ, ವಿಶ್ರಾಂತಿ ಎಲ್ಲವೂ ಇದ್ದವು. ಆಪರೇಶನ್ ಬೇಕಾಗಲಿಲ್ಲ ಎಂಬುದಷ್ಟೇ ನಿಜ. ಬೆಲ್ಟು ತೆಗೆದ ಮೇಲೆ ಅವರು ಮೂಡುಬಿದಿರೆಯಲ್ಲಿ ನನ್ನೊಡನೆ ಇರಲು ಬಂದರು. ಅಕ್ಕಪಕ್ಕದವರು ಕೇಳಿದರೆ ಟ್ಯಾಪಿಂಗ್ ಮಾಡುತ್ತಿದ್ದೆ ಎಂದು ಅವರೇ ಹೇಳುತ್ತಿದ್ದರು. ನಾನೂ ಹಾಗೆಯೇ ಹೇಳಲು ಕಲಿತೆ. ಕಲಿಯಲು ಸ್ವಲ್ಪ ಸಮಯ ಬೇಕಾಯಿತು.

ಆದರೆ ಆ ಹಳದಿ ಬುಶ್‌ಗಳು ನನ್ನನ್ನು ಬಿಡಲಿಲ್ಲ. ನನ್ನ ಸುಳ್ಳನ್ನು ಕಾಕ ಹೆದ್ದಾರಿಗೆ ಕಾಣುವಂತೆ ತೂಗಿಸಿದ್ದಾರೆಂದು ನಾನು ತಿಳಿದಿದ್ದೆ. ಆ ದಾರಿಯಲ್ಲಿ ಹೋಗುವಾಗಲೆಲ್ಲ ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದೆ. ಬುಶ್ ಪರೀಕ್ಷೆಗೆ ಕೂಡ ಮೂಡುಬಿದಿರೆಯಲ್ಲೇ ಬೇರೊಬ್ಬರನ್ನು ನೋಡಿಕೊಂಡೆ. ಹೀಗೆ ನಾಲ್ಕೈದು ವರ್ಷಗಳಾದವು.

ಹೆದ್ದಾರಿ ಅಗಲ ಮಾಡುವಾಗ ರಸ್ತೆಬದಿಯ ಕಟ್ಟಡಗಳನ್ನು ತೆಗೆಯುತ್ತಾರೆಂದು ತಿಳಿದ ಮೇಲೆ ಒಂದು ಭಾನುವಾರ ಹೋದೆ. ಶೆಡ್ಡಿನ ಮಾಡಿನ ಶೀಟುಗಳನ್ನು ಆಗಲೇ ಬಿಚ್ಚಿದ್ದರು. ಕಾಕ ಕಂಬದಿಂದ ಸರಿಗೆಯನ್ನು ಬಿಡಿಸುತ್ತಿದ್ದರು. ತುಂಬ ಇಳಿದುಹೋಗಿದ್ದರು. ನಾನು ಸರಿಗೆಯ ಇನ್ನೊಂದು ತುದಿ ಹಿಡಿದುಕೊಂಡೆ.

"ಕಾಕ, ಅಂದು ನೀವು ಕೇಳಿದಾಗ ನಾನು ಸುಳ್ಳು ಹೇಳಿದ್ದೆ," ಎಂದೆ. ಬರುವ ದಾರಿಯಲ್ಲಿ ಈ ವಾಕ್ಯವನ್ನು ಹಲವು ರೀತಿಯಲ್ಲಿ ಜೋಡಿಸಿಕೊಂಡಿದ್ದೆ. "ಅಪ್ಪನನ್ನು ಇಲ್ಲಿ ಕೂರಿಸಲು ನಾಚಿಕೆಯಾಗಿತ್ತು. ಆ ತಪ್ಪು ನಿಮ್ಮದಲ್ಲ."

"ದಿಂಬು ಇತ್ತಲ್ಲ ಮಾಸ್ಟ್ರೇ," ಎಂದರು.

ನಾನು ಸರಿಗೆಯ ತುದಿ ಹಿಡಿದುಕೊಂಡೇ ಅವರ ಕಡೆ ತಿರುಗಿದೆ.

"ಹಿಂದಿನ ಸೀಟಿನಲ್ಲಿ ದಿಂಬು ಇತ್ತು. ಒಬ್ಬನೇ ಕಾಲೇಜಿಗೆ ಹೋಗುವವನಿಗೆ ದಿಂಬು ಎಂತಕ್ಕೆ? ನಾನು ಕಂಡಿದ್ದೆ. ಕೇಳ್ಬೇಕಿತ್ತು. ಓದಿದವರನ್ನು ಪುನಃ ಪುನಃ ಕೇಳುವುದು ಹೇಗೆ ಅಂತ ಬಿಟ್ಟೆ." ಅವರು ಹಳದಿ ಬುಶ್‌ಗಳನ್ನು ಉಳಿದವುಗಳೊಡನೆ ಗೋಣಿಗೆ ಜಾರಿಸಿದರು. "ನೀವು ಹೇಳ್ಲಿಲ್ಲ, ಅದು ನಿಮ್ಮ ವಿಷಯ. ಕಂಡದ್ದು ನಾನು, ಬಿಗಿ ಮಾಡಿದ್ದೂ ನಾನು. ಅದಕ್ಕೆ ತೂಗಿಸಿದ್ದು."

ಸರಿಗೆ ಖಾಲಿಯಾಯಿತು. ಅವರು ಅದನ್ನು ಸುತ್ತಿ ಗೋಣಿಯ ಬಾಯಿ ಕಟ್ಟಿದರು. ನಾನು ಕಾರು ಹತ್ತುವಾಗ ಕಿಟಕಿಯ ಬಳಿ ಬಂದು, ಅಭ್ಯಾಸದಂತೆ ಹಿಂದಿನ ಸೀಟನ್ನು ಒಮ್ಮೆ ನೋಡಿದರು.

"ಅಪ್ಪ ಈಗ ಯಾವ ಕಡೆ ಒರಗಿ ಕೂರುವುದು?"

ಐದು ವರ್ಷ ಅವರನ್ನು ಅದೇ ಕಾರಿನಲ್ಲಿ ಕರೆದುಕೊಂಡು ಓಡಾಡಿದ್ದೆ, ಗಮನಿಸಿರಲಿಲ್ಲ. ನೋಡಿ ಹೇಳುತ್ತೇನೆ ಎಂದೆ.

ಮರುದಿನ ತಂದೆಯನ್ನು ಪೇಟೆಗೆ ಕರೆದುಕೊಂಡು ಹೊರಟಾಗ, ಕಾರು ಚಾಲೂ ಮಾಡುವ ಮೊದಲು ಕನ್ನಡಿಯನ್ನು ತಿರುಗಿಸಿ ನೋಡಿದೆ. ಅವರು ಎಡಕ್ಕೂ ಒರಗಿರಲಿಲ್ಲ, ಬಲಕ್ಕೂ ಒರಗಿರಲಿಲ್ಲ. ದಿಂಬನ್ನು ಮಡಿಲಲ್ಲಿ ಇಟ್ಟುಕೊಂಡು ನೆಟ್ಟಗೆ ಕುಳಿತು, ಕಿಟಕಿಯ ಹೊರಗೆ ನೋಡುತ್ತಿದ್ದರು.

ಅದನ್ನು ಹೇಳಲೆಂದೇ ನಾನು ಇನ್ನೊಮ್ಮೆ ಮೆಲ್ಕಾರಿಗೆ ಹೋಗಿದ್ದೆ. ಶೆಡ್ಡು ಹೋದ ಮೇಲೆ ಪಕ್ಕದ ಪಾಣೆಮಂಗಳೂರಿನ ತಮ್ಮ ಮನೆಯ ಜಗಲಿಯಲ್ಲಿ ಕುಳಿತಿದ್ದ ಕಾಕ ಕೇಳಿಸಿಕೊಂಡು ತಲೆಯಾಡಿಸಿದರು. ಆಮೇಲೆ, "ಹಾಗಾದ್ರೆ ಆ ಬೋಲ್ಟ್ ಒಮ್ಮೆ ಸಡಿಲ ಮಾಡಿ ಪುನಃ ಬಿಗಿ ಮಾಡ್ಬೇಕು ಮಾಸ್ಟ್ರೇ," ಎಂದರು. "ಅವರನ್ನು ಕರ್ಕೊಂಡು ಬನ್ನಿ."